ಫಕ್ಕೀರವ್ವನ ದೋಣಿಯೂ ನನ್ನ ಟೆಸ್ಟರೂ

ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಜನ ತಪ್ಪು ತಿಳಿದು ಹೊಗಳಿದರೆ ತಿದ್ದುವ ಧೈರ್ಯವಂತೂ ಅದಕ್ಕಿಂತ ಕಡಿಮೆ. ಕರೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿ, ಅರ್ಜಿಗಳಿಗೆ ನಂಬರು ಹಾಕಿ, ಟಪಾಲು ಕಳಿಸಿ ನಿವೃತ್ತನಾದವನು ನಾನು. ಒಂದು ದಿನವೂ ವೈರು ಮುಟ್ಟಿದವನಲ್ಲ. ಆದರೂ ಹಾನಗಲ್ಲಿನ ನಮ್ಮ ಓಣಿಗೆ ನಾನು ‘ಕರೆಂಟ್ ರಾಯರು’. ಯಾರ ಮನೆಯ ಫ್ಯಾನು ನಿಂತರೂ ಹೋಗಿ, ತಲೆಯೆತ್ತಿ ನೋಡಿ, ‘ಹೂಂ’ ಎನ್ನುತ್ತೇನೆ. ಎಷ್ಟೋ ಸಲ ಅಷ್ಟರಲ್ಲಿ ಕರೆಂಟೇ ಬಂದು ಹೆಸರು ನನಗೆ ಸಿಕ್ಕಿದೆ.

ಮಹಾನವಮಿ ಮುಗಿದ ಎರಡನೆಯ ಮುಂಜಾನೆ, ಕೆರೆಯಲ್ಲಿ ಮೀನು ಹಿಡಿಯುವ ಫಕ್ಕೀರವ್ವ ಬಾಗಿಲಿಗೆ ಬಂದಳು. “ರಾಯರ, ಲಗೂನ ಬರ್ರಿ. ದೋಣಿ ಮೋಟಾರ ಚಾಲೂನ ಆಗವಲ್ದು. ನಿನ್ನಿ ಸಂಜಿಕೆ ಬಲಿ ಬಿಟ್ಟು ಬರೂಮುಂದ ಕೆಮ್ಮಿಕೋತ ದಂಡಿ ಮುಟ್ಟೇತಿ. ಬಿಸಲ ಏರಿದ್ರ ಬಲ್ಯಾಗಿನ ಮೀನು ಕೆಟ್ಟು ಹೋಗ್ತಾವ್ರಿ.” ಅವಳ ಬಲಭುಜಕ್ಕೆ ಪೆಟ್ಟಾಗಿ ವರ್ಷವಾಯಿತು, ಹುಟ್ಟು ಹಾಕಲಾಗುವುದಿಲ್ಲ. ಬ್ಯಾಟರಿ ಮೋಟಾರಿನಿಂದಲೇ ಅವಳ ಹೊಟ್ಟೆಪಾಡು ನಡೆಯುತ್ತಿದೆ. ಪಾಪ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಟೆಸ್ಟರು ಹಿಡಿದು ಹೊರಟೆ. “ಮನ್ಯಾಗಿನ ಬಲ್ಬ್ ಹಾಕಾಕ ಬ್ಯಾರೆಯವರು ಬೇಕು, ಕೆರಿಗೆ ಹೊಂಟಾರ ನೋಡು!” ಎಂದು ಹೆಂಡತಿ ಹಿಂದಿನಿಂದ ಹರಸಿದಳು.

ದೋಣಿಯಲ್ಲಿ ಕೂತು ಬ್ಯಾಟರಿಗೆ ಟೆಸ್ಟರು ಮುಟ್ಟಿಸಿದೆ. ಉರಿಯಲಿಲ್ಲ. ಅದು ಬ್ಯಾಟರಿಗೆ ಉರಿಯುವುದೇ ಇಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ.

“ರಾಯರ, ಆ ಬ್ಯಾಟರಿ ಮ್ಯಾಲೆ...”

“ತಡಿ ಯವ್ವಾ, ನೋಡಾಕತ್ತೇನಿ.”

ಸ್ವಿಚ್ಚು ಒತ್ತಿದೆ, ವೈರು ಅಲುಗಿಸಿದೆ, ಮೋಟಾರಿನ ಬೆನ್ನು ತಟ್ಟಿದೆ. ಅವಳು ಮತ್ತೆ ಬಾಯಿ ತೆರೆದಳು, ನಾನು ಮತ್ತೆ ಕೈ ಅಡ್ಡ ಮಾಡಿದೆ. ಬಿಸಿಲು ಏರುತ್ತಿತ್ತು, ಅವಳ ಕಣ್ಣು ದೂರದ ಬಲೆಯ ಮೇಲೆಯೇ ಇತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಏನೂ ತೋಚದೆ ವೈರಿನ ಹಿಡಿಕೆ ಬಿಚ್ಚಿದರೆ, ಬ್ಯಾಟರಿಯ ಎರಡೂ ಮೊಳೆಗಳ ಮೇಲೆ ಅರಿಷಿಣ ಕುಂಕುಮ ಒಣಗಿ ಗಾರೆಯಾಗಿ ಕೂತಿತ್ತು. ವೈರಿಗೂ ಮೊಳೆಗೂ ಭೇಟಿಯೇ ಇಲ್ಲ!

“ಯಾವ ಶಾಣ್ಯಾ ಬಳದಾನ ಇದನ್ನ?” ಎಂದು ರೇಗಿದೆ.

“ನೀವರೀ,” ಎಂದಳು ಮೆಲ್ಲಗೆ. “ಮಹಾನವಮಿ ಖಂಡೇಪೂಜಿ ದಿನ. ಕರೆಂಟಿನ ಸಾಮಾನು ಅಂತ ನಿಮ್ಮ ಕೈಲೆ ಪೂಜಾ ಮಾಡಿಸಿದ್ನಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ಕೆಳಗೆ ನೀರಿತ್ತು. ಧೋತರದ ಚುಂಗಿನಿಂದಲೇ ತಿಕ್ಕಿ ಒರೆಸಿ ಹಿಡಿಕೆ ಬಿಗಿದೆ. ಮೋಟಾರು ಗುರ್ರೆಂದಿತು. ಫಕ್ಕೀರವ್ವನ ಮುಖ ಅರಳಿದ್ದು ಕಂಡು ನನ್ನ ನಾಚಿಕೆ ಅರ್ಧ ಇಳಿಯಿತು. ದಂಡೆಗಿಳಿದು ಕೇಳಿದೆ, “ಗೊತ್ತಿದ್ರ ನೀನ ಒರಸಬಾರದಿತ್ತೇನ?”

“ಪೂಜಾ ಮಾಡಿದವರು ಇರೂಮುಂದ ನಾ ಹೆಂಗ ಕುಂಕುಮ ಅಳಸ್ಲಿರಿ? ಅದಕ್ಕ ನಿಮ್ಮನ್ನ ಕರದಿದ್ದು.”

“ಮತ್ತ ರಿಪೇರಿಗೆ?”

“ರಿಪೇರಿಗಿ ಆಗಿದ್ರ,” ಎಂದಳು ದೋಣಿ ತಿರುಗಿಸುತ್ತ, “ತಡಸದ ಮೆಕ್ಯಾನಿಕ್‌ಗ ಫೋನ್ ಮಾಡ್ತಿದ್ದೆ ಬಿಡ್ರಿ ರಾಯರ.”