ದೇವಪುತ್ರಪ್ಪನ ಗುರು

ಸನ್ಮಾನ ಮಾಡಿಸಿಕೊಳ್ಳುವುದು ಅಗ್ಗದ ಕೆಲಸವಲ್ಲ. ಕ್ಷೌರ ಮತ್ತು ಮೀಸೆಯ ಬಣ್ಣಕ್ಕೆ ನೂರಾ ಇಪ್ಪತ್ತು, ಇಸ್ತ್ರಿಗೆ ಮೂವತ್ತು, ಹೊಸ ಚಪ್ಪಲಿಗೆ ಇನ್ನೂರೈವತ್ತು. ಬಿಳಿ ಅಂಗಿ ಮಾತ್ರ ಪುಕ್ಕಟೆ. ಅದು ಪಕ್ಕದ ಮನೆಯ ಶಾಂತಕ್ಕನ ತೀರಿಹೋದ ಗಂಡನದು. ಇಷ್ಟು ಖರ್ಚು ಮಾಡಿ ದೇವಪುತ್ರಪ್ಪ ಕನ್ನಡಿ ನೋಡಿಕೊಂಡಾಗ ಮೀಸೆ ಮಸಿಬಟ್ಟೆ ಅಂಟಿಸಿದ ಹಾಗಿತ್ತು. ಅಂಗಿಯ ಗುಂಡಿಗಳು ತುಂಬಿದ ಬಸ್ಸಿನ ಬಾಗಿಲಿಗೆ ನೇತುಬಿದ್ದ ಹುಡುಗರಂತೆ ಹೇಗೋ ಹಿಡಿದುಕೊಂಡಿದ್ದವು.

ಹೊಸಪೇಟೆಯ ಸ್ಟೇಷನ್ ಕಡೆಯ ಚರ್ಚಿನಲ್ಲಿ ಅವನು ಗಂಟೆ ಬಾರಿಸಲು ನಿಂತು ನಲವತ್ತು ವರ್ಷ ದಾಟಿತ್ತು. ಗಂಟೆಗೆ ಈಗ ನೂರು ತುಂಬಿತ್ತು. ಸಂಜೆ ಅದರ ಸಮಾರಂಭ. ದೇವಪುತ್ರಪ್ಪನ ಮೇಲೊಂದು ವಿಡಿಯೋ, ಒಂದು ಶಾಲು, ಲಕೋಟೆಯಲ್ಲಿ ಎರಡು ಸಾವಿರ ರೂಪಾಯಿ. ವಿಡಿಯೋ ತೆಗೆಯಲು ಕಡ್ಡಿರಾಂಪುರದ ಹುಲಿಗೇಶ್ ಬರುವವನಿದ್ದ. ಮದುವೆಯಾಗುವ ಜೋಡಿಗಳನ್ನು ಹಂಪಿಯ ಬಂಡೆಗಳ ನಡುವೆ ಓಡಿಸಿ ವಿಡಿಯೋ ಮಾಡುವುದು ಅವನ ಕಸುಬು.

ತೊಂದರೆ ಶುರುವಾದದ್ದು ಅವನು ಫೋನಿನಲ್ಲಿ ಹೇಳಿದ ಒಂದು ಮಾತಿನಿಂದ. "ನಿಮ್ಮ ಗುರು ಯಾರು ಅಂತ ಕೇಳ್ತೀನಿ ದೊಡ್ಡಪ್ಪ, ಯೋಚನೆ ಮಾಡಿಟ್ಕಳ್ರಿ."

ಯೋಚನೆ ಮಾಡುವುದೇನಿತ್ತು? ಗುರು ಅವನ ತಾತ, ಕಂಪ್ಲಿಯ ಹಲಗೆ ಉಜ್ಜಿನಪ್ಪ. ಊರಿನಲ್ಲಿ ಯಾರು ಸತ್ತರೂ ಹೆಣದ ಮುಂದೆ ಉಜ್ಜಿನಪ್ಪನ ಹಲಗೆ, ಅಂದರೆ ತಮಟೆ, ನಡೆಯಬೇಕಿತ್ತು. ರಜೆಗೆ ಹೋದ ಮೊಮ್ಮಗನನ್ನು ಎದುರು ಕೂರಿಸಿಕೊಂಡು, ಹುಲ್ಲಿನ ಬೆಂಕಿಗೆ ಹಲಗೆ ಕಾಯಿಸುತ್ತ ಅವನು ಹೇಳುತ್ತಿದ್ದ: "ಏಟು ಹೊಡಿಯೋದು ಯಾರಿಗಾದ್ರೂ ಬರ್ತೈತಿ ಮಗನ. ಏಟಿನ ನಡುವ ಸುಮ್ನಿರೋದು ಕಲಿ. ಅಳೋರಿಗೆ ಅಳಾಕ ಜಾಗ ಬಿಡು." ಎರಡು ಏಟು, ಒಂದು ಬಿಡುವು, ಮತ್ತೊಂದು ಏಟು. ದೇವಪುತ್ರಪ್ಪ ಅದನ್ನು ತೊಡೆಯ ಮೇಲೆ ಕಲಿತ. ಮುಂದೆ ಗಂಟೆಯ ಹಗ್ಗ ಕೈಗೆ ಬಂದಾಗ ಅದನ್ನೇ ಎಳೆದ. ಹೊಸಪೇಟೆಯ ಆ ಭಾಗದ ಜನ ನಲವತ್ತು ವರ್ಷದಿಂದ ಕೇಳುತ್ತಿದ್ದುದು ಕಂಪ್ಲಿಯ ಹಲಗೆಯನ್ನೇ. ಅದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಅಪ್ಪ ಕ್ರೈಸ್ತನಾಗಿ ಚರ್ಚಿನ ಸಭೆಗೆ ಸೇರಿದಾಗ ಹಲಗೆ ಬಿಡಬೇಕಾಯಿತು. ತಾತ ಸೇರಲಿಲ್ಲ. ವಯಸ್ಸಾದ ಮೇಲೂ ಬಸ್ಸು ಹತ್ತಿ ಬಂದು, ಚರ್ಚಿನ ಗೇಟಿನ ಹೊರಗೆ ನಿಂತು ಮೊಮ್ಮಗನ ಗಂಟೆ ಕೇಳಿ, ತಲೆಯಾಡಿಸಿ ಹೋಗುತ್ತಿದ್ದ. ಅವನು ಸತ್ತ ದಿನ, ಸಭೆಯವನಲ್ಲವೆಂದು ಗಂಟೆ ಬಾರಿಸಗೊಡಲಿಲ್ಲ. ಮಕ್ಕಳು ಸಭೆಯವರೆಂದು ಹಲಗೆಯವರು ಬರಲಿಲ್ಲ. ಊರಿನ ಹೆಣಗಳನ್ನೆಲ್ಲ ಸದ್ದು ಮಾಡಿ ಕಳಿಸಿದವನು ತಾನು ಮಾತ್ರ ಸದ್ದಿಲ್ಲದೆ ಹೋದ.

ಒಂದು ಸಲ, ಚರ್ಚಿನ ಒಳಗೆ, ಜನರ ಮುಂದೆ ಆ ಹೆಸರು ಕೇಳಿಸಬೇಕು. ದೇವಪುತ್ರಪ್ಪನಿಗೆ ಸನ್ಮಾನದಿಂದ ಬೇಕಾಗಿದ್ದು ಅಷ್ಟೇ.

"ಹುಚ್ಚಗಿಚ್ಚ ಹಿಡಿದೈತೇನು ನಿನಗ?" ಎಂದಳು ಶಾಂತಕ್ಕ, ಮೀಸೆಯಿಂದ ಕೆನ್ನೆಗೆ ಇಳಿದಿದ್ದ ಬಣ್ಣವನ್ನು ಸೆರಗಿನಿಂದ ಒರೆಸುತ್ತ. "ಹೊರಗಿಂದ ದೊಡ್ಡ ದೊಡ್ಡೋರು ಬರ್ತಾರ. ಹಲಗಿ ಗಿಲಗಿ ಅಂತ ಬಾಯಿ ಬಿಡಬ್ಯಾಡ. ನನ್ನ ಗಂಡನ ಅಂಗಿ ಮಾನ ಕಳೀಬ್ಯಾಡ."

ಸಭೆಯ ಕಾರ್ಯದರ್ಶಿ ಎರ್ರಿಯಪ್ಪ ಇನ್ನೂ ಮುಂದೆ ಹೋಗಿದ್ದ. ಉತ್ತರವನ್ನು ತಾನೇ ತಯಾರು ಮಾಡಿಕೊಂಡು ಬಂದಿದ್ದ. "ನನ್ನ ಗುರು ಥಾಂಪ್ಸನ್ ದೊರೆ ಅನ್ನು. ಗಂಟಿ ತರಿಸಿದ ಬಿಳಿ ಪಾದ್ರಿ ಅವರು."

"ಅವರು ಊರು ಬಿಟ್ಟಾಗ ನಾನಿನ್ನೂ ಹುಟ್ಟಿದ್ದಿಲ್ರೀ."

"ಅದಕ್ಕೇನಾತು? ಫೋಟೋ ನೋಡಿ ಕಲ್ತೆ ಅನ್ನು."

"ಫೋಟೋದಾಗ ಅವರು ಕುದುರಿ ಮ್ಯಾಲ ಕುಂತಾರಲ್ರೀ, ಗಂಟಿ ಎಲ್ಲೈತಿ?"

"ಲೇ, ನಿನಗ ಶಾಲು ಬೇಕೋ ಬ್ಯಾಡೋ?"

ಹುಲಿಗೇಶ್ ಬೆಳಿಗ್ಗೆಯೇ ಬಂದ. ಎರ್ರಿಯಪ್ಪ ಪೊಲೀಸಿನವನಂತೆ ಪಕ್ಕದಲ್ಲೇ ನಿಂತಿದ್ದರಿಂದ ದೇವಪುತ್ರಪ್ಪ "ನನ್ನ ಗುರು ಥಾಂಪ್ಸನ್ ದೊರೆ" ಎಂದು ಒಪ್ಪಿಸಿದ. ಧ್ವನಿ ರೇಷನ್ ಅಂಗಡಿಯಲ್ಲಿ ಕಾರ್ಡಿನ ನಂಬರು ಹೇಳುವ ಹಾಗಿತ್ತು. ಎರ್ರಿಯಪ್ಪನಿಗೆ ಸಮಾಧಾನವಾಯಿತು. ಶಾಮಿಯಾನದವರನ್ನು ಬೈಯಲು ಹೊರಟುಹೋದ.

"ಈಗ ಗಂಟಿ ಬಾರಿಸ್ರಿ ದೊಡ್ಡಪ್ಪ. ಆದ್ರ ಭಾಳ ನಿಧಾನ. ಒಂದೊಂದ ಏಟು. ವಿಡಿಯೋದಾಗ ಮಸ್ತ್ ಬರ್ತೈತಿ."

"ಬ್ಯಾಡಪ್ಪ, ಹಂಗ ಬಾರಿಸಿದ್ರ ಸಾವಿನ ಗಂಟಿ ಆಗ್ತೈತಿ. ಯಾರೋ ಹೋದ್ರು ಅನ್ಕೋತಾರ."

"ಈಗಿನ ಕಾಲ್ದಾಗ ಅದನ್ನೆಲ್ಲ ಯಾರು ಕೇಳ್ತಾರ, ಬಾರಿಸ್ರಿ."

ಬಾರಿಸಿದ. ಬೆಳಕು ಸರಿಯಿಲ್ಲವೆಂದು ಮತ್ತೆ ಬಾರಿಸಿದ. ಪಾರಿವಾಳ ಅಡ್ಡ ಬಂತೆಂದು ಮತ್ತೆ. ಅಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿ ಮುಗಿಯಿತು. "ಒಂದು ತಾಸು ಚಾರ್ಜ್ ಹಾಕ್ತೀನಿ. ನೀವು ಅಂಗಿ ಮುದುಡಿಕೊಳ್ಳಬ್ಯಾಡ್ರಿ, ಹಿಂಗ ಕುಂದ್ರಿ" ಎಂದು ಹುಲಿಗೇಶ್ ಅವನನ್ನು ಚರ್ಚಿನ ಬಾಗಿಲ ಬಳಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮುಂದಿನ ಚಿತ್ರಕ್ಕೆಂದು ಸೇವಂತಿಗೆ ಹಾರವನ್ನೂ ಕೊರಳಿಗೆ ಹಾಕಿ ಹೋದ. ಬಿಸಿಲು ಹಿತವಾಗಿತ್ತು. ದೇವಪುತ್ರಪ್ಪ ಕಣ್ಣು ಮುಚ್ಚಿದ.

ಗೇಟಿನ ಬಳಿ ಹೂ ಮಾರುವ ಯಲ್ಲಕ್ಕ, ಸತ್ತವರು ಯಾರು ಎಂದು ಕೇಳಲು ಆಗಲೇ ಕಂಪೌಂಡಿನೊಳಗೆ ಇಣುಕಿದಳು. ಅವಳ ಕಡೆಯವರು ಹೆಣವನ್ನು ಮಲಗಿಸುವುದಿಲ್ಲ. ಬಿಳಿ ಬಟ್ಟೆ ಹಾಕಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅವಳಿಗೆ ಮತ್ತೇನೂ ಕೇಳಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ ಓಣಿ ಪೂರಾ ಸುದ್ದಿ: ಗಂಟೆ ದೇವಪುತ್ರಪ್ಪ ಹೋದ. ಬಾರಿಸುವವನೇ ಸತ್ತಿದ್ದರೆ ಸಾವಿನ ಗಂಟೆ ಬಾರಿಸಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಇತ್ತ ಹುಲಿಗೇಶ್ ಮರಳಿ ಬಂದು ಕ್ಯಾಮೆರಾ ನಿಲ್ಲಿಸಿದ. "ದೊಡ್ಡಪ್ಪ, ಆಗ ಹೇಳಿದ್ದು ಪಾಠ ಒಪ್ಪಿಸಿದಂಗ ಆತು. ಖರೇ ಹೇಳ್ರಿ, ಯಾರು ಕಲಿಸಿದ್ರು?"

ದೇವಪುತ್ರಪ್ಪ ಆಚೆ ಈಚೆ ನೋಡಿದ. ಎರ್ರಿಯಪ್ಪ ಇಲ್ಲ, ಶಾಂತಕ್ಕ ಇಲ್ಲ. ಗಂಟಲು ಸರಿಮಾಡಿಕೊಂಡ. "ನನ್ನ ಗುರು..." ಎಂದನೋ ಇಲ್ಲವೋ, ಓಣಿಯ ತುದಿಯಲ್ಲಿ ಹಲಗೆ ಕೇಳಿತು.

ಎರಡು ಏಟು, ಒಂದು ಬಿಡುವು, ಮತ್ತೊಂದು ಏಟು.

ಅವನ ಮೈ ಜುಮ್ಮೆಂದಿತು. ಕರೆದ ಹೊತ್ತಿಗೆ ತಾತನೇ ಬಂದ ಎನ್ನಿಸಿತು. ಹಲಗೆ ಹತ್ತಿರವಾದಷ್ಟೂ ಅವನ ಧ್ವನಿ ಏರಿತು. ಕಂಪ್ಲಿ ಹೇಳಿದ, ಹುಲ್ಲಿನ ಬೆಂಕಿ ಹೇಳಿದ, ಗೇಟಿನ ಹೊರಗೆ ನಿಂತದ್ದು ಹೇಳಿದ, ಸದ್ದಿಲ್ಲದೆ ಹೋದದ್ದು ಹೇಳಿದ. ಉಜ್ಜಿನಪ್ಪ, ಉಜ್ಜಿನಪ್ಪ ಎಂದು ಕೂಗಿ ಕೂಗಿ ಹೇಳಿದ. ಕಣ್ಣೀರಿನ ಜೊತೆ ಮೀಸೆಯ ಬಣ್ಣವೂ ಇಳಿಯಿತು. ಹುಲಿಗೇಶ್ ಕೂಡ ಕಣ್ಣು ಒರೆಸಿಕೊಂಡ.

ಮಾತು ಮುಗಿಯುವುದಕ್ಕೂ ಯಲ್ಲಕ್ಕ ಎದೆ ಬಡಿದುಕೊಳ್ಳುತ್ತ, ಹಿಂದೆ ಹಲಗೆಯವರನ್ನು ಕಟ್ಟಿಕೊಂಡು ಒಳಗೆ ನುಗ್ಗುವುದಕ್ಕೂ ಸರಿಹೋಯಿತು. "ಹೋದ್ಯಲ್ಲೋ ನನ್ನಪ್ಪಾ!" ಎಂದವಳು ಅವನ ಮುಖ ಕಂಡು ನಿಂತುಬಿಟ್ಟಳು. "ಬದುಕಿದ್ಯಾ? ಹಂಗಾರ ನಾನು ಓಣಿ ತುಂಬ ಅತ್ತಿದ್ದು ಯಾರಿಗೆ?"

"ಯಾರು ಕರಿಸಿದ್ದು ಇವರನ್ನ?" ಎಂದ ದೇವಪುತ್ರಪ್ಪ.

"ನಾನ ಕರಿಸಿದೆ. ಊರಿಗೆಲ್ಲ ಬಾರಿಸಿದೋನು, ಸುಮ್ನ ಹೋಗಬಾರ್ದು ಅಂತ."

ಹಲಗೆಯವರಲ್ಲಿ ಹಿರಿಯವನು ಕೈ ಚಾಚಿದ. "ಹೆಣ ಎದ್ದು ಕುಂತ್ರೂ ಬಾರಿಸಿದ್ದಂತೂ ಬಾರಿಸಿದ್ದೇ. ಎರಡು ಸಾವಿರ ಕೊಡ್ರಿ."

ಯಲ್ಲಕ್ಕ ಸೆರಗಿನ ಗಂಟಿಗೆ ಕೈ ಹಾಕಿದಳು. ದೇವಪುತ್ರಪ್ಪ ತಡೆದ. ಎರ್ರಿಯಪ್ಪನನ್ನು ಕಾಡಿ ಬೇಡಿ ಸಂಜೆಯ ಲಕೋಟೆಯನ್ನು ಮೊದಲೇ ಇಸಿದುಕೊಂಡು ಹಾಗೆಯೇ ಕೊಟ್ಟುಬಿಟ್ಟ. ಮನಸ್ಸಿಗೆ ಅಗ್ಗವೇ ಎನ್ನಿಸಿತು. ತಾತನಿಗೆ ಹಲಗೆಯೂ ಆಯಿತು, ಚರ್ಚಿನಲ್ಲಿ ಹೆಸರೂ ಆಯಿತು.

ಸಂಜೆ ಜನ ತುಂಬಿದ್ದರು. ಬಿಳಿ ಪರದೆಯ ಮೇಲೆ ದೇವಪುತ್ರಪ್ಪನ ಮುಖ ದೊಡ್ಡದಾಗಿ ಬಂತು. ತುಟಿಗಳು ಆಡಿದವು, ಕಣ್ಣೀರು ಸುರಿಯಿತು. ಆದರೆ ಕೇಳಿದ್ದು ಕೀಬೋರ್ಡಿನ ಮೆಲ್ಲನೆಯ ಸಂಗೀತ. ಅದರ ಮೇಲೆ, ಬೆಳಗಿನ ರೇಷನ್ ಅಂಗಡಿಯ ಧ್ವನಿ: "ನನ್ನ ಗುರು ಥಾಂಪ್ಸನ್ ದೊರೆ."

"ಪಾಪ, ದೊರೆ ಮ್ಯಾಲ ಎಷ್ಟು ಪ್ರೀತಿ ನೋಡ್ರಿ, ಹೆಂಗ ಅಳ್ತಾನ" ಎಂದು ಹೆಂಗಸರು ಸೆರಗು ಕಣ್ಣಿಗೆ ಹಚ್ಚಿದರು. ಚಪ್ಪಾಳೆ ಬಿತ್ತು.

ದೇವಪುತ್ರಪ್ಪ ಹುಲಿಗೇಶನ ತೋಳು ಹಿಡಿದ. "ನಾನು ಹೇಳಿದ್ದು ಎಲ್ಲೋ?"

"ದೊಡ್ಡಪ್ಪ, ಹಲಗಿ ಸದ್ದಿಗೆ ನಿಮ್ಮ ಮಾತು ಒಂದೂ ಬಂದಿಲ್ಲ. ಅಲ್ಲೇ ಇದ್ದ ನನಗೂ ಕೇಳ್ಲಿಲ್ಲ. ನೀವು ಅಳೋದು ನೋಡಿ ನನಗೂ ಅಳು ಬಂತು. ಹೊತ್ತು ಇದ್ದಿದ್ದಿಲ್ಲ, ಬೆಳಗಿನ ಮಾತು ಹಚ್ಚಿದೆ. ಭಾಳ ಚಲೋ ಕುಂತೈತಿ, ಹೌದಿಲ್ಲೋ?"

ಶಾಲು ಹೊದಿಸುವಾಗ ದೇವಪುತ್ರಪ್ಪ ಮೈಕಿಗೆ ಕೈ ಚಾಚಿದ. "ಎಲ್ಲಾ ವಿಡಿಯೋದಾಗ ಹೇಳ್ಯಾನ" ಎಂದು ಎರ್ರಿಯಪ್ಪ ಮೈಕನ್ನು ವಂದನಾರ್ಪಣೆಗೆ ಕೊಟ್ಟ. "ನೀನು ಹೋಗಿ ಗಂಟಿ ಬಾರಿಸು."

ಅವನು ಹೋಗಿ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಹಗ್ಗ ಹಿಡಿದ. ಎರಡು ಏಟು, ಒಂದು ಬಿಡುವು, ಮತ್ತೊಂದು ಏಟು. ಗೇಟಿನ ಹೊರಗೆ ಈಗ ಯಾರೂ ನಿಂತಿರಲಿಲ್ಲ. ಒಳಗೆ ಎರ್ರಿಯಪ್ಪ ಅತಿಥಿಗಳ ಕಡೆ ಬಾಗಿ ಹೇಳುತ್ತಿದ್ದ: "ಕೇಳ್ರಿ ಸರ್, ದೊರೆಗಳು ಕಲಿಸಿದ್ದು ಅಂದ್ರ ಹಂಗೈತಿ."

ಬಂದದ್ದು ಒಂದು ಶಾಲು. ಕೈಯಿಂದ ಹೋದದ್ದು ನಾನೂರು ರೂಪಾಯಿ, ಲಕೋಟೆಯ ಎರಡು ಸಾವಿರ. ಉಜ್ಜಿನಪ್ಪನ ಹೆಸರು ಯಾರಿಗೂ ಕೇಳಿಸಲಿಲ್ಲ.