ನಮ್ಮತ್ತೆ ಚುಚ್ಚಿದ ಪ್ಲಗ್ಗು

ಮನೆಯಲ್ಲಿ ಸದ್ದು ಮಾಡುವ ವಸ್ತುಗಳು ಎಷ್ಟಿವೆ ಎಂದು ತಿಳಿಯಬೇಕಾದರೆ ಆ ಮನೆಯಲ್ಲೊಂದು ಮಗು ಹುಟ್ಟಬೇಕು. ಮೂರು ತಿಂಗಳ ಹಿಂದಿನವರೆಗೆ ಅಮೆರಿಕದ ಬಾಥೆಲ್‌ ಊರಿನ ನಮ್ಮ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ತುಂಬ ನಿಶ್ಶಬ್ದವಾದ ಜಾಗ ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಮಗಳು ಬಂದ ಮೇಲೆ ಫ್ರಿಜ್ ಗೊರಕೆ ಹೊಡೆಯುತ್ತದೆಂದೂ, ನನ್ನ ಎಡಗಾಲಿನ ಮಂಡಿ ಕಟಕಟ ಎನ್ನುತ್ತದೆಂದೂ ಗೊತ್ತಾಯಿತು. ಸಂಜೆ ಏಳಕ್ಕೆ ಅವಳು ಬೆಡ್‌ರೂಮಿನಲ್ಲಿ ಅಜ್ಜಿಯ ಚಾಚಿದ ಕಾಲುಗಳ ಮೇಲೆ ಮಲಗಿದರೆ, ಅವಳ ತಾಯಿ ಸುಮಾ ಪಕ್ಕದಲ್ಲೇ ಸತ್ತವಳಂತೆ ಮಲಗಿಬಿಡುತ್ತಿದ್ದಳು. ಸುಮಾಗೆ ದಿನಕ್ಕೆ ಸಿಗುತ್ತಿದ್ದುದು ಅದೊಂದೇ ನೆಟ್ಟಗಿನ ನಿದ್ದೆ. ಆ ಹೊತ್ತಿನಲ್ಲಿ ಹಾಲ್‌ನಲ್ಲಿ ನಾನೊಬ್ಬನೇ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ.

ಅಜ್ಜಿ ಎಂದರೆ ನಮ್ಮತ್ತೆ ಸಾವಿತ್ರಮ್ಮ. ಮಗಳ ಬಾಣಂತನಕ್ಕೆಂದು ಆರು ತಿಂಗಳಿಗೆ ಬಂದವರು. ಚಿಕ್ಕ ವಯಸ್ಸಿನಲ್ಲಿ ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹನ್ನೆರಡು ವರ್ಷ ಆಪರೇಟರ್ ಆಗಿದ್ದರು. ಆಗ ಒಂದೂರಿನಿಂದ ಇನ್ನೊಂದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಇವರು ಬೋರ್ಡಿನ ತೂತಿಗೆ ಪ್ಲಗ್ ಚುಚ್ಚಿ, ಆ ಕಡೆಯ ಆಪರೇಟರನ್ನು ಕರೆದು, ಲೈನ್ ಕೊಡಿಸಬೇಕಿತ್ತು. ಹಾಗೆ ದಿನಕ್ಕೆ ಹತ್ತಾರು ಸಲ ಮಾತಾಡುತ್ತಿದ್ದವರು ಹಾಸನ ಎಕ್ಸ್‌ಚೇಂಜಿನ ವಿಮಲಾ ಎಂಬುವರು. ಲೈನಿನ ಮೇಲೆ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲವಂತೆ. ಇವರು ಅವರಿಗೆ 'ಹಾಸನ', ಅವರು ಇವರಿಗೆ 'ಮಂಡ್ಯ'. ಹನ್ನೆರಡು ವರ್ಷದ ಸ್ನೇಹ, ಒಂದು ಸಲವೂ ಮುಖ ನೋಡಿಲ್ಲ. ಬೋರ್ಡು ಹೋಗಿ ಯಂತ್ರ ಬಂದ ಮೇಲೆ ಇವರನ್ನು ಬೇರೆ ಸೆಕ್ಷನ್ನಿಗೆ ಹಾಕಿದರು, ಅವರನ್ನು ಬೇರೆ ಊರಿಗೆ ಹಾಕಿದರು, ಅಲ್ಲಿಗೆ ಆ ದನಿ ನಿಂತೇಹೋಯಿತು.

ಹೀಗಿರುವಾಗ ಸುಮಾಳ ಫೋನಿಗೆ ನೆಂಟರೊಬ್ಬರು ಒಂದು ಪೋಸ್ಟರ್ ಕಳಿಸಿದರು. ಹಳೆಯ ಕಸುಬುಗಳ ಬಗ್ಗೆ ಯಾವುದೋ ಇಂಟರ್‌ನೆಟ್ ರೇಡಿಯೋದಲ್ಲಿ ಮಾತುಕತೆ, ಭಾನುವಾರ ಬೆಳಿಗ್ಗೆ ಎಂಟಕ್ಕೆ ನೇರ ಪ್ರಸಾರ, ಮರುಪ್ರಸಾರವಿಲ್ಲ. ಮಾತಾಡುವವರು ಹಾಸನದ ವಿಮಲಾ, ಹಿಂದೆ ಟೆಲಿಫೋನ್ ಆಪರೇಟರ್. ನಮ್ಮತ್ತೆ ಆ ಪೋಸ್ಟರನ್ನು ಎಷ್ಟು ಹೊತ್ತು ನೋಡಿದರೆಂದರೆ ಒಲೆಯ ಮೇಲಿನ ಸಾರು ಉಕ್ಕಿ ಚೆಲ್ಲಿತು. ಮುಖವನ್ನೇ ಕಾಣದವರಿಗೆ ಫೋಟೋದಿಂದ ಗುರುತು ಸಿಗುವುದೆಲ್ಲಿ. ದನಿ ಕೇಳಿದರೆ ಸಿಗುತ್ತದೆ ಎಂದರು.

ತೊಂದರೆ ಏನೆಂದರೆ, ಇಂಡಿಯಾದ ಭಾನುವಾರ ಬೆಳಿಗ್ಗೆ ಎಂಟು ಅಂದರೆ ನಮಗೆ ಶನಿವಾರ ಸಂಜೆ ಏಳೂವರೆ, ಮಗುವಿನ ನಿದ್ದೆಯ ಹೊತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿಬಿಡಿ ಎಂದೆ. ಮಗು ಕಾಲ ಮೇಲಿರುವಾಗ ಕಿವಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ, ಅದರ ಉಸಿರು ಕೇಳುತ್ತಿರಬೇಕು ಎಂದರು. ನಾನು ಎದೆ ತಟ್ಟಿಕೊಂಡು, ಚಿಂತೆ ಬಿಡಿ, ನಾನು ರೆಕಾರ್ಡ್ ಮಾಡಿ ಕೊಡುತ್ತೇನೆ, ಹದಿನಾಲ್ಕು ವರ್ಷದಿಂದ ಕಂಪ್ಯೂಟರಿನ ಅನ್ನವನ್ನೇ ತಿನ್ನುತ್ತಿದ್ದೇನೆ ಎಂದುಬಿಟ್ಟೆ.

ಸೋಮವಾರ ಮೊದಲ ಪ್ರಯೋಗ ನಡೆಸಿದೆ. ಸ್ಪೀಕರಿನಿಂದ ಸದ್ದು ಹೊರಟ ನಾಲ್ಕನೇ ಸೆಕೆಂಡಿಗೆ ಮಗು ಎದ್ದಿತು, ಐದನೇ ಸೆಕೆಂಡಿಗೆ ಸುಮಾ ಎದ್ದಳು. ಮಂಗಳವಾರ ಮ್ಯೂಟ್ ಒತ್ತಿ ರೆಕಾರ್ಡ್ ಮಾಡಿದೆ. ಆಮೇಲೆ ಹಾಕಿ ನೋಡಿದರೆ ಒಂದು ಗಂಟೆಯ ಅಪ್ಪಟ ಮೌನ. ನನ್ನ ರೆಕಾರ್ಡಿಂಗ್ ಪ್ರೋಗ್ರಾಮು ಮಹಾ ಪ್ರಾಮಾಣಿಕ, ಕಂಪ್ಯೂಟರಿನಿಂದ ಹೊರಗೆ ಹೋದ ಸದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಬುಧವಾರ ಲ್ಯಾಪ್‌ಟಾಪನ್ನೇ ರಜಾಯಿಯಲ್ಲಿ ಸುತ್ತಿದೆ. ಹತ್ತು ನಿಮಿಷಕ್ಕೆ ಅದು ಬಿಸಿಯಾಗಿ, ಒಳಗಿನ ಫ್ಯಾನು ಸ್ಪೀಕರಿಗಿಂತ ಜೋರಾಗಿ ಕಿರುಚತೊಡಗಿತು. ವೈರಿಲ್ಲದ ಇಯರ್‌ಫೋನ್ ಜೋಡಿಸಿದರೆ ಸದ್ದೇನೋ ಅದರೊಳಗೆ ಹೋಯಿತು, ಆದರೆ ರೆಕಾರ್ಡಿಂಗ್ ಪ್ರೋಗ್ರಾಮು ಶಬ್ದದ ಸಾಧನವೇ ಕಾಣುತ್ತಿಲ್ಲ ಎಂದು ಕೈ ಎತ್ತಿತು. ಆಫೀಸಿನಲ್ಲಿ ಜನ ನನ್ನನ್ನು ಸೀನಿಯರ್ ಎಂದು ಕರೆಯುತ್ತಾರೆ. ಬಹುಶಃ ಕೂದಲನ್ನು ನೋಡಿ ಕರೆಯುತ್ತಿರಬೇಕು.

ಗುರುವಾರ ಮಧ್ಯಾಹ್ನ ಮಗು ಎಚ್ಚರವಾಗಿದ್ದಾಗ ನಮ್ಮತ್ತೆ, ಸ್ಪೀಕರ್ ಹಾಕಿಕೊಂಡು ಮತ್ತೆ ರೆಕಾರ್ಡ್ ಮಾಡುತ್ತಿದ್ದ ನನ್ನ ಹಿಂದೆ ಬಂದು ನಿಂತರು. ಲ್ಯಾಪ್‌ಟಾಪಿನ ಅಂಚಿನಲ್ಲಿದ್ದ ಸಣ್ಣ ದುಂಡನೆಯ ತೂತನ್ನು ತೋರಿಸಿ ಅದು ಯಾತಕ್ಕೆ ಎಂದು ಕೇಳಿದರು. ಹಳೇ ಕಾಲದ ವೈರಿನ ಇಯರ್‌ಫೋನಿಗೆ, ಈಗ ಯಾರೂ ಬಳಸುವುದಿಲ್ಲ ಎಂದೆ. ಅವರು ಒಳಗೆ ಹೋಗಿ ತಮ್ಮ ಕೈಚೀಲ ತಡಕಾಡಿ ಒಂದು ಇಯರ್‌ಫೋನ್ ತಂದರು. ವಿಮಾನದಲ್ಲಿ ಕೊಟ್ಟದ್ದಂತೆ, ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ಅದನ್ನು ತಡವರಿಸದೆ, ನೋಡದೆಯೇ ಎಂಬಂತೆ, ಒಂದೇ ಏಟಿಗೆ ಚುಚ್ಚಿದರು. ಸ್ಪೀಕರಿನ ಬಾಯಿ ಬಿತ್ತು. ಪರದೆಯ ಮೇಲೆ ರೆಕಾರ್ಡಿಂಗಿನ ಹಸಿರು ಗೆರೆ ಮಾತ್ರ ಕುಣಿಯುತ್ತಲೇ ಇತ್ತು.

"ನಮ್ಮ ಬೋರ್ಡ್‌ನಲ್ಲೂ ಅಷ್ಟೇ. ಪ್ಲಗ್ ಚುಚ್ಚಿದ್ರೆ ಗಂಟೆ ನಿಲ್ತಿತ್ತು, ಲೈನ್ ಕಟ್ ಆಗ್ತಿರ್ಲಿಲ್ಲ. ಇದೂ ಹಂಗೇ ಇರ್ಬೇಕು ಅಂತ ನೋಡ್ದೆ," ಎಂದು ಹೇಳಿ, ಹಾಲು ಕಾಯಿಸಲು ಹೋದರು. ನನಗೆ ನಾಚಿಕೆಯಾಗಬೇಕಿತ್ತು. ಸುಳ್ಳೇಕೆ, ಆದದ್ದು ಹೆಮ್ಮೆ. ಇಂಥ ಅತ್ತೆ ಯಾರಿಗಿದ್ದಾರೆ ಎಂದು ಅರ್ಧ ದಿನ ಮನಸ್ಸಿನಲ್ಲೇ ಬೀಗಿದೆ.

ಶನಿವಾರ ಏಳೂವರೆಗೆ ಎಲ್ಲ ಸರಿಯಾಗಿ ಶುರುವಾಯಿತು. ನನ್ನ ಕೆಲಸ ಸುಮ್ಮನೆ ಕೂತಿರುವುದಷ್ಟೇ, ಅದೇ ನನ್ನಿಂದ ಆಗದ ಕೆಲಸ. ಇಪ್ಪತ್ತು ನಿಮಿಷವಾಗಿರಬಹುದು, ಹತ್ತಿರದ ಶೋರ್‌ಲೈನ್‌ ಊರಿನಲ್ಲಿರುವ ಗೆಳೆಯ ರಘುವಿನ ಕಾಲ್ ಬಂತು. ಮಗುವಿಗೆ ಹೆದರಿ ಫೋನ್ ಆಫ್ ಮಾಡಿದ್ದೆನಾದ್ದರಿಂದ ಅದು ಕಂಪ್ಯೂಟರಿನ ಮೇಲೆ ಬಂತು. ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಪಿಸುದನಿಯಲ್ಲಿ ಮಾತಾಡಿದೆ. ವಾರವಿಡೀ ಬಾಯಿ ಮುಚ್ಚಿಕೊಂಡಿದ್ದವನಿಗೆ ಕೇಳುವವನೊಬ್ಬ ಸಿಕ್ಕಿದರೆ ಏನಾಗುತ್ತದೆ? ಇಲ್ಲದ ಕಷ್ಟಗಳನ್ನೆಲ್ಲ ತೋಡಿಕೊಂಡೆ. ನಾಲ್ಕು ನಿಮಿಷ ಅಷ್ಟೇ, ಆಮೇಲೆ ಇಟ್ಟೆ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಎಲ್ಲರೂ ಕೂತೆವು. ಪ್ಲಗ್ ಕಿತ್ತು ಸ್ಪೀಕರ್ ಬಿಟ್ಟೆ. ವಯಸ್ಸಾದ, ಸ್ವಲ್ಪ ನಡುಗುವ ದನಿಯೊಂದು ನಮಸ್ಕಾರ ಎಂದಿತು. ನಮ್ಮತ್ತೆ ನೆಟ್ಟಗೆ ಕೂತು, ಮೆಲ್ಲಗೆ, "ಹೇಳಿ, ಹಾಸನ," ಎಂದರು. ಇಪ್ಪತ್ತು ನಿಮಿಷ ಸುಖವಾಗಿ ಹೋಯಿತು. ವಿಮಲಾ ಅವರು, "ಮಂಡ್ಯದಲ್ಲಿ ಒಬ್ಬರಿದ್ದರು, ಅವರನ್ನ ಹೇಗೆ ಮರೆಯಲಿ, ನಮ್ಮ ತಂದೆಯವರು..." ಎನ್ನುತ್ತಿದ್ದಂತೆ ಅದರ ಮೇಲೆಯೇ ರಘು ಬಂದುಬಿಟ್ಟ. ಇಯರ್‌ಫೋನಿಗೆ ಹೋದ ಸದ್ದನ್ನೆಲ್ಲ ಆ ಪ್ರಾಮಾಣಿಕ ಪ್ರೋಗ್ರಾಮು ಬರೆದುಕೊಂಡಿತ್ತು. ನನ್ನ ಮಾತು ಅದಕ್ಕೆ ಕೇಳಿಸಿರಲಿಲ್ಲ, ಅವನ ಉತ್ತರಗಳು ಮಾತ್ರ ಕೇಳಿಸಿದ್ದವು. "ಇನ್ನೂ ಮೂರು ತಿಂಗಳು ಇರ್ತಾರಾ? ಅಯ್ಯೋ ಪಾಪ ಕಣೋ ನೀನು. ಏನು, ಟೀವಿ ರಿಮೋಟೂ ನಿಮ್ಮತ್ತೆ ಕೈಲೇನಾ?"

ನಿಲ್ಲಿಸಲು ಕೈ ಚಾಚಿದೆ. ನಮ್ಮತ್ತೆ ಕಣ್ಣು ಮುಚ್ಚಿದ್ದಂತೆಯೇ ಅಂಗೈ ಎತ್ತಿ ತಡೆದರು. ಸುಮಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಆ ನಾಲ್ಕು ನಿಮಿಷ ಮುಗಿಯುವಷ್ಟರಲ್ಲಿ ನಾನು ಕಾಫಿ ಲೋಟದೊಳಗೆ ಇಳಿದುಹೋಗಿದ್ದೆ. ಮರುಪ್ರಸಾರವಿಲ್ಲದ ಕಾರ್ಯಕ್ರಮ, ಅವರು ಕಾದಿದ್ದ ಮಾತೇ ಅದು. ಅದನ್ನು ನಾನೇ ಹಾಳು ಮಾಡಿದೆ ಎಂದು ತಪ್ಪೊಪ್ಪಿಕೊಂಡೆ.

"ಏನೂ ಹಾಳಾಗಿಲ್ಲ," ಎಂದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಲೈನ್ ಮೇಲೆ ಲೈನ್ ಬೀಳೋದು ನಮಗೆ ದಿನಾ ಇದ್ದಿದ್ದೇ. ನಮಗೆ ಬೇಕಾದ್ದನ್ನ ಹಿಡ್ಕೊಂಡು ಇನ್ನೊಂದನ್ನ ಬಿಟ್ಬಿಡ್ಬೇಕು." ಆಮೇಲೆ, ನಮಗೆ ಒಂದಕ್ಷರವೂ ತಿಳಿಯದಿದ್ದ ಆ ಮಾತನ್ನು ಸಾಲು ಸಾಲಾಗಿ ಒಪ್ಪಿಸಿದರು. ವಿಮಲಾ ಅವರ ತಂದೆ ಮಂಡ್ಯದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದ್ದಾಗ ಮಗಳಿಗೆ ರಜೆ ಸಿಗದೆ ಬರಲಾಗಲಿಲ್ಲವಂತೆ, 'ಮಂಡ್ಯ' ದಿನವೂ ಊಟದ ಬಿಡುವಿನಲ್ಲಿ ಹೋಗಿ ನೋಡಿ ಬಂದು, ಮಧ್ಯಾಹ್ನದ ಮೊದಲ ಕಾಲ್ ಕೊಡಿಸುವ ಮುಂಚೆ ಸುದ್ದಿ ಹೇಳುತ್ತಿದ್ದರಂತೆ. ಹೆತ್ತ ಮಗಳು ಸುಮಾಗೂ ಇದು ಗೊತ್ತಿರಲಿಲ್ಲ. ಹದಿನೆಂಟು ದಿನ ಊಟ ಬಿಟ್ಟು ನಡೆದವರು ಅದನ್ನು ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ. ನಾಲ್ಕು ನಿಮಿಷ ಸುಮ್ಮನಿರಲಾಗದ ನಾನು ಅವರ ಮುಂದೆ ಕೂತಿದ್ದೆ.

ಧೈರ್ಯ ಮಾಡಿ, ಆ ಇನ್ನೊಂದು ಲೈನಿನಲ್ಲಿ ಏನಾದರೂ ಕೇಳಿಸಿತೇ ಎಂದು ಕೇಳಿದೆ. "ಅದು ಬೇರೆಯವರ ಸ್ವಂತ ಮಾತು. ಆಪರೇಟರು ಕೇಳಿಸಿಕೊಳ್ಳೋ ಹಾಗಿಲ್ಲ, ರೂಲ್ಸೇ ಇದೆ," ಎಂದು ಎದ್ದುಹೋದರು.

ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಸಂಜೆ ಐದಕ್ಕೆ, ಸರಿಯಾಗಿ ಅವರ ಧಾರಾವಾಹಿಯ ಹೊತ್ತಿಗೆ, ಒಂದು ತಟ್ಟೆಯಲ್ಲಿ ಬಿಸಿ ಬೋಂಡ ತಂದು ನನ್ನ ಮುಂದಿಟ್ಟರು. ಬೋಂಡದ ಪಕ್ಕದಲ್ಲಿ ಟೀವಿಯ ರಿಮೋಟ್ ಇತ್ತು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೇ ಒಪ್ಪಿಸಿ, ಪಕ್ಕದಲ್ಲಿ ಕೂತು ಮೂರು ಧಾರಾವಾಹಿಗಳನ್ನು ಪೂರ್ತಿ ನೋಡಿದೆ. ನಡುನಡುವೆ, ಹಿರಿಯ ಸೊಸೆ ಮಾಡಿದ್ದು ತಪ್ಪು ಎಂದೂ ಹೇಳಿದೆ.