ಚುಕ್ಕಿಯ ಹಿಂದೆ ಅಡಗಿದ್ದು

ನಕ್ಷೆಗಾರನಿಗೆ ಅವತ್ತು ಬೇಕಿದ್ದದ್ದು ಒಂದೇ: ಮನೆಯಿಂದ ಕೆಲಸ ಮಾಡುವ ಅನುಮತಿಯನ್ನು ಸಾಹೇಬರು ಮುಂದುವರಿಸಬೇಕು. ವಾರದ ನಕ್ಷೆಯನ್ನು ಪೆನ್ ಡ್ರೈವಿನಲ್ಲಿ ತಂದಿದ್ದ. ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ನೋಡಿದಾಗ ಅದರಲ್ಲಿ ನಕ್ಷೆಯೊಂದೇ ಇತ್ತು. ಆಫೀಸಿನ ವಿಂಡೋಸಿಗೆ ಚುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಬಂದು ಕೂತಿತ್ತು. ಹೆಸರು ‘ಕಣ್ಣು’, ಅದರ ಮುಂದೊಂದು ಚುಕ್ಕಿ.

ಊಟದ ಬಿಡುವಿನಲ್ಲಿ ಮನೆಗೆ ಓಡಿ ಅಲ್ಲಿ ಚುಚ್ಚಿದ. ಫೋಲ್ಡರ್ ಮಾಯ. ವಾಪಸ್ ಬಂದು ಚುಚ್ಚಿದ. ಮತ್ತೆ ಹಾಜರ್.

ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕನಿಗೆ ಇಂಥ ವಿಷಯವೆಂದರೆ ಪಂಚಪ್ರಾಣ. "ನಿನ್ನ ಕುರ್ಚಿ ಸಾಮಾನ್ಯದ್ದಲ್ಲಪ್ಪ. ನಿನಗಿಂತ ಮುಂಚೆ ಇದ್ದವರು ಅದರಲ್ಲೇ ಕೂತು ಕಣ್ಣು ಮುಚ್ಚಿದ್ರು. ಸಂಜೆವರೆಗೂ ಯಾರಿಗೂ ಗೊತ್ತಾಗ್ಲಿಲ್ಲ. ಏನೋ ಹೇಳೋದಿರಬೇಕು, ತೆಗೆದು ನೋಡು."

"ನೀವೇ ತೆಗೀರಿ ಅಕ್ಕ."

"ನನಗೇನು ಹುಚ್ಚಾ?"

ಕೊನೆಗೆ ಅವನೇ ತೆರೆದ. ಎಲ್ಲವೂ ಅವನದೇ ಫೋಟೋ, ಮನೆಯ ಮೇಜಿನ ಮುಂದೆ ಕೂತಿದ್ದು. ನೀಲಿ ಮಬ್ಬಿನಲ್ಲಿ ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ, ಮುಖದಲ್ಲಿ ಹೆಣದ ಕಳೆ. ಹಿಂದೆ ಕತ್ತಲಲ್ಲಿ ಬಿಳಿ ಬಟ್ಟೆಯ ಆಕೃತಿ. ಒಂದೊಂದು ಫೋಟೋದಲ್ಲೂ ಅದು ಒಂದೊಂದು ಹೆಜ್ಜೆ ಹತ್ತಿರ ಬಂದಿದೆ.

ಇಡೀ ಆಫೀಸು ನೆರೆಯಿತು. ಗದ್ದಲ ಕೇಳಿ ಸಾಹೇಬರೂ ಬಂದು ಕನ್ನಡಕ ಏರಿಸಿದರು. ಕೊನೆಯ ಮಾತಾದರೂ ಆಡೋಣವೆಂದು ನಕ್ಷೆಗಾರ ಎದ್ದು ನಿಂತು ಹೆಂಡತಿಗೆ ಫೋನ್ ಮಾಡಿದ. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು.

"ನಮ್ಮನೇಲಿ ದೆವ್ವ ಇದೆ ಕಣೇ. ನನ್ನ ಫೋಟೋ ತೆಗೆದು ಪೆನ್ ಡ್ರೈವಿಗೆ ಹಾಕಿದೆ."

"ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ, ನಾನೇ ಕಂಪ್ಯೂಟರ್ ಕ್ಯಾಮೆರಾ ಆನ್ ಮಾಡಿಟ್ಟಿದ್ದು. ಅತ್ತೆಗೆ ಸಕ್ಕರೆ ಕಾಯಿಲೆ. ನಾನು ಕೆಲಸಕ್ಕೆ ಹೋದ್ಮೇಲೆ ನಿಮ್ಮ ಮೇಜಿನ ಬಿಸ್ಕತ್ ಡಬ್ಬಿಗೆ ಕೈ ಹಾಕ್ತಾರಾ ಅಂತ ನೋಡಬೇಕಿತ್ತು. ಅಲ್ಲೇ ಚುಚ್ಚಿರೋ ನಿಮ್ಮ ಪೆನ್ ಡ್ರೈವಲ್ಲೇ ಫೋಟೋ ಉಳಿಯೋ ಹಾಗೆ ಮಾಡಿದ್ದೆ. ಹೆಸರಿನ ಮುಂದೆ ಚುಕ್ಕಿ ಇಟ್ರೆ ಲಿನಕ್ಸ್ ಆ ಫೋಲ್ಡರನ್ನ ಬಚ್ಚಿಡುತ್ತೆ. ವಿಂಡೋಸ್ ಬಾಯಿಬಡುಕ, ಎಲ್ಲಾ ತೋರಿಸಿಬಿಡುತ್ತೆ."

ಎಲ್ಲರೂ ಉಸಿರುಬಿಟ್ಟರು. ಸಾಹೇಬರು ಮಾತ್ರ ಬಿಡಲಿಲ್ಲ.

"ಅಂದ್ರೆ ಇದೆಲ್ಲ ಹಗಲು ಹೊತ್ತಿಂದು. ಕಿಟಕಿ ಪರದೆ ಎಳ್ಕೊಂಡು ನಿದ್ದೆ, ಅದೂ ನಮ್ಮ ಕೆಲಸದ ಹೊತ್ತಲ್ಲಿ."

ನಕ್ಷೆಗಾರ ಫೋಟೋದಲ್ಲಿ ಬಿಳಿ ಸೀರೆಯುಟ್ಟು ಡಬ್ಬಿಯತ್ತ ಬರುತ್ತಿದ್ದ ಹೆತ್ತ ತಾಯಿಯನ್ನು ದಿಟ್ಟಿಸಿದ. "ಇಲ್ಲ ಸಾರ್, ಇದು ದೆವ್ವಾನೇ. ನಾನು ಸತ್ತೇ ಹೋಗಿದ್ದೆ."

"ಹಾಗಾದ್ರೆ ನಾಳೆಯಿಂದ ದಿನಾ ಈ ಕುರ್ಚಿಗೇ ಬನ್ನಿ. ಹಿಂದಿನವರ ಜೊತೆ ನಿಮಗೆ ಚೆನ್ನಾಗಿ ಹೊಂದುತ್ತೆ."

ಕುರ್ಚಿ ಕಿರ್ರೆಂದಿತು. ನಕ್ಷೆಗಾರ ಇನ್ನೂ ನಿಂತೇ ಇದ್ದ.